ಕಬಡ್ಡಿಗೆ ಅಡ್ಡಿಯಿಲ್ಲ

ಹಳೆಯ ಕಾಲದ ಸೀಲಿಂಗ್ ಫ್ಯಾನೊಂದು ತಿರುಗಬೇಕಾದರೆ 70 ವ್ಯಾಟಿಗೆ ಕಡಿಮೆಯಿಲ್ಲದ ಕರೆಂಟು ತಿನ್ನುತ್ತದೆ. ಭಾರತ ಸರ್ಕಾರ ಸಮುದಾಯ ರೇಡಿಯೊಗೆಂದು ಮಂಜೂರು ಮಾಡುವ ಟ್ರಾನ್ಸ್‌ಮಿಟರಿನ ತಾಕತ್ತು 50 ವ್ಯಾಟ್. ಕಂಬದ ಎತ್ತರ 30 ಮೀಟರು. ದನಿ ಹತ್ತು ಹನ್ನೆರಡು ಕಿಲೋಮೀಟರು ಹೋದರೆ ಪುಣ್ಯ. ತೆಲಂಗಾಣದ ದಾಮರಗಿದ್ದದಲ್ಲಿ ಇಂಥದೊಂದು ಕಂಬ ನೆಟ್ಟರೆ, ನಾರಾಯಣಪೇಟೆಯ ಸೀರೆ ಅಂಗಡಿಗಳ ದಿಕ್ಕಿಗೆ ಹೊರಟ ಹಾಡಿಗೆ ಊರು ಮುಟ್ಟುವ ಹೊತ್ತಿಗೆ ದಮ್ಮು ಹತ್ತೀತು. ಮಕ್ತಲ್, ಗದ್ವಾಲದ ಮಾತು ದೂರವೇ ಉಳಿಯಿತು.

ಇಷ್ಟು ಸಣ್ಣ ದನಿಗೆ ಅಪ್ಪಣೆ ಬೇಕೆಂದರೆ ಅರ್ಜಿ ದೆಹಲಿಗೆ ಹೋಗಬೇಕು. ವಾರ್ತಾ ಸಚಿವಾಲಯ ಗೃಹ ಸಚಿವಾಲಯವನ್ನು ಕೇಳುತ್ತದೆ, ರಕ್ಷಣಾ ಸಚಿವಾಲಯವನ್ನು ಕೇಳುತ್ತದೆ, ತರಂಗಾಂತರಕ್ಕಾಗಿ ದೂರಸಂಪರ್ಕದವರ ಬಾಗಿಲು ಬೇರೆ ತಟ್ಟಬೇಕು. ದಾಮರಗಿದ್ದದ ಭಜನಿ ಮೇಳದ ಹಾರ್ಮೋನಿಯಂನಿಂದ ದೇಶದ ಗಡಿಗೆ ಏನಾದರೂ ಧಕ್ಕೆಯುಂಟೋ ಎಂದು ದೊಡ್ಡ ದೊಡ್ಡ ಕುರ್ಚಿಗಳು ಯೋಚಿಸುತ್ತವೆ. ಯೋಚಿಸಲಿ ಬಿಡಿ. ದಾಮರಗಿದ್ದವೂ ಗಡಿಯೇ. ಪಶ್ಚಿಮಕ್ಕೆ ತಿರುಗಿದರೆ ಯಾದಗಿರಿ ಜಿಲ್ಲೆ, ಕರ್ನಾಟಕ. 1956ರಲ್ಲಿ ಹೈದರಾಬಾದ್ ರಾಜ್ಯವನ್ನು ಹರಿದು ಹಂಚುವಾಗ ಗೆರೆ ಎಳೆದವರ ಕೈ ತುಸು ಅಲುಗಿದಲ್ಲೆಲ್ಲ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು ಮಾತಾಡುವ ಊರುಗಳು ಉಳಿದುಕೊಂಡವು. ಕಾರ್ಯಕ್ರಮಗಳು ಸ್ಥಳೀಯ ಭಾಷೆ, ಉಪಭಾಷೆಯಲ್ಲಿದ್ದರೆ ಒಳ್ಳೆಯದು ಎಂದು ಸರ್ಕಾರದ ನಿಯಮವೇ ಹೇಳುತ್ತದೆ. ಒಂದೇ ವಾಕ್ಯದಲ್ಲಿ ಮೂರು ಭಾಷೆ ಆಡುವ ಜನಕ್ಕೆ ಇದಕ್ಕಿಂತ ಹೇಳಿ ಮಾಡಿಸಿದ ನಿಯಮ ಇನ್ನೊಂದಿಲ್ಲ.

ಆದ್ದರಿಂದ ಒಂದು ಕೇಂದ್ರ ತೆರೆದೇಬಿಡೋಣ ಎಂದಿಟ್ಟುಕೊಳ್ಳಿ. ದಾಮರಗಿದ್ದ 90.4. ಸಂಗೀತ, ರಾಜಕೀಯ, ಸಾಮಾಜಿಕ ನ್ಯಾಯ ಮೂರಕ್ಕೂ ಜಾಗ ಕೊಡುವ ಸ್ವತಂತ್ರ ರೇಡಿಯೊ. ಅರ್ಜಿಯಲ್ಲಿ ಹೀಗೆ ಬರೆದರೆ ಎರಡನೆಯ ಪದಕ್ಕೆ ಬಂದಾಗಲೇ ಕಡತ ಮುಚ್ಚುತ್ತದೆ. ಸುದ್ದಿ ಕೂಡದು, ಪ್ರಚಲಿತ ವಿದ್ಯಮಾನ ಕೂಡದು, ರಾಜಕೀಯದ ವಾಸನೆಯಿರುವ ಯಾವುದೂ ಕೂಡದು ಎಂದು 2006ರ ನೀತಿ ಕಡ್ಡಿ ಮುರಿದಂತೆ ಹೇಳಿದೆ. ಆಮೇಲೆ ಸರ್ಕಾರಕ್ಕೆ ಕರುಣೆ ಬಂತು. ಆಕಾಶವಾಣಿಯ ಸುದ್ದಿಯನ್ನು ಇದ್ದದ್ದು ಇದ್ದಂತೆ, ಬೇಕಾದರೆ ಸ್ಥಳೀಯ ಭಾಷೆಗೆ ತಿರುಗಿಸಿ, ಒಂದಕ್ಷರ ಆಚೀಚೆಯಾಗದಂತೆ ಓದಬಹುದು ಎಂದಿತು. ಜೊತೆಗೆ ಯಾವುದು ಸುದ್ದಿಯಲ್ಲ ಎಂಬುದರ ಪಟ್ಟಿಯನ್ನೂ ಕೊಟ್ಟಿತು. ಹವಾಮಾನ ಸುದ್ದಿಯಲ್ಲ. ಜಾತ್ರೆ, ಹಬ್ಬ ಸುದ್ದಿಯಲ್ಲ. ಪರೀಕ್ಷೆಯ ಫಲಿತಾಂಶ ಸುದ್ದಿಯಲ್ಲ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಎಷ್ಟು ಮಕ್ಕಳು ಫೇಲಾದರೆಂದು ಡಾಣಾಡಂಗುರ ಸಾರಬಹುದು, ಕಲಿಸಲು ಮಾಸ್ತರಿದ್ದನೇ ಎಂದು ಕೇಳಿದರೆ ಅದು ಪ್ರಚಲಿತ ವಿದ್ಯಮಾನ. ಕೆಲಸ ಎಲ್ಲಿ ಖಾಲಿಯಿದೆ ಎಂಬುದೂ ಸುದ್ದಿಯಲ್ಲವಂತೆ. ಪಾಲಮೂರು ಲೇಬರ್ ಎಂದು ದೇಶದ ಅಣೆಕಟ್ಟುಗಳೆಲ್ಲ ಗುರುತು ಹಿಡಿಯುವ ನಾಡು ಇದು. ಮುಂಬಯಿಯಲ್ಲಿ, ಪುಣೆಯಲ್ಲಿ ಮಣ್ಣು ಹೊರುವ ಕೆಲಸವುಂಟು, ಬಸ್ಸು ಇಷ್ಟು ಗಂಟೆಗೆ ಎಂದು ಸಾರಬಹುದು. ಊರಲ್ಲೇಕೆ ಕೆಲಸವಿಲ್ಲ ಎಂದರೆ ಲೈಸೆನ್ಸಿಗೆ ಕುತ್ತು.

ಪಟ್ಟಿಯಲ್ಲಿ ನನಗೆ ಬಲು ಇಷ್ಟವಾದದ್ದು ನೀರು, ಕರೆಂಟಿನ ಬಾಬತ್ತು. ಅವುಗಳ ಬಗ್ಗೆ ಪ್ರಕಟಣೆ ಕೊಡಬಹುದು. ಆದರೆ ಸ್ಥಳೀಯ ಆಡಳಿತ ಕೊಟ್ಟ ಪ್ರಕಟಣೆಯನ್ನು ಮಾತ್ರ. ಎಂದರೆ, ನಳದಲ್ಲಿ ವಾರದಿಂದ ನೀರು ಬಂದಿಲ್ಲ ಎಂಬುದು ಇಡೀ ಓಣಿಗೆ ಗೊತ್ತು, ಕೊಡ ಹೊತ್ತ ಹೆಂಗಸಿಗೆ ಗೊತ್ತು, ಮೈಕಿನ ಮುಂದೆ ಕುಂತ ಅವಳ ಸೊಸೆಗೂ ಗೊತ್ತು. ಆದರೂ ಸಾಹೇಬರು ಕಾಗದ ಕಳಿಸುವವರೆಗೆ ರೇಡಿಯೊದ ಮಟ್ಟಿಗೆ ನಳದಲ್ಲಿ ನೀರು ಬರುತ್ತಲೇ ಇರುತ್ತದೆ.

ಇದನ್ನು ಹೊಸ ವ್ಯವಸ್ಥೆ ಎಂದು ಯಾರಾದರೂ ತಿಳಿದಿದ್ದರೆ ಅವರು ಹಳ್ಳಿ ನೋಡಿದವರಲ್ಲ. ಈ ಸೀಮೆಯ ಊರೂರಲ್ಲೂ ಡಂಗುರದವನಿದ್ದ, ಕೆಲವೆಡೆ ಈಗಲೂ ಇದ್ದಾನೆ. ಕೊರಳಿಗೆ ಹಲಗೆ. ಅಗಸಿ ಬಾಗಿಲಲ್ಲಿ ನಿಂತು ಬಡಿದನೆಂದರೆ ಊರು ಕಿವಿ ನಿಮಿರಿಸಬೇಕು. ಕಂದಾಯ ಕಟ್ಟುವ ಗಡುವು, ಕೆರೆ ಹರಾಜು, ಸತ್ತವರ ಹೆಸರು ಎಲ್ಲವೂ ಅವನ ಬಾಯಿಂದಲೇ ಬರಬೇಕು. ಆ ಬಾಯಿ ಊರಿನ ಹೊರಗಿನ ಕೇರಿಯದು, ಹೇಳುವ ಮಾತು ಗೌಡರದ್ದೋ ಪಟವಾರಿಯದೋ. ಡಂಗುರದ ನಡುವೆ ಆತ ತನ್ನದೊಂದು ಮಾತು ಸೇರಿಸಿದ್ದರೆ, ನಮ್ಮ ಕೇರಿಯ ಬಾವಿ ಬತ್ತಿದೆ ಎಂದು ಒಂದೇ ಒಂದು ಸಾಲು ಅಂದಿದ್ದರೆ, ಹಲಗೆಯೂ ಉಳಿಯುತ್ತಿರಲಿಲ್ಲ, ಬೆನ್ನೂ ಉಳಿಯುತ್ತಿರಲಿಲ್ಲ. ಸಾರುವುದಕ್ಕೆ ಅವನೇ ಬೇಕು, ಸುದ್ದಿ ಮಾತ್ರ ಅವನದಾಗಿರಬಾರದು. ದೆಹಲಿಯ ಬಾಬುಗಳು ನಿಯಮಾವಳಿ ಬರೆಯಲು ಎಷ್ಟು ವರ್ಷ ವಿದೇಶದ ಮಾದರಿಗಳನ್ನು ಅಭ್ಯಾಸ ಮಾಡಿದರೋ. ಯಾವುದಾದರೂ ಹಳ್ಳಿಯ ಪಟವಾರಿಯನ್ನು ಕೇಳಿದ್ದರೆ ಚಹಾ ಆರುವುದರೊಳಗೆ ಬರೆಸಿಕೊಡುತ್ತಿದ್ದ.

ಹೋಗಲಿ, ಸಂಗೀತಕ್ಕೆ ಅಡ್ಡಿಯಿಲ್ಲವಲ್ಲ. ಹಾಡೇ ಹಾಕೋಣ.

ಯಾವ ಹಾಡು? ಈ ಕಡೆ ರಾತ್ರಿ ಭಜನಿ ಎಂದರೆ ತತ್ವಪದ. ತತ್ವಪದ ಎಂದರೆ ಕಡಕೋಳ ಮಡಿವಾಳಪ್ಪ, ಮಡಿವಾಳಪ್ಪನೆಂದರೆ ಜಾತಿಯ ಸೊಕ್ಕು, ಮಠದ ಢಂಬಾಚಾರ ಎರಡಕ್ಕೂ ಒಂದೇ ಕೋಲು. ವಚನ ಹಾಡಿಸೋಣವೇ? ಬಸವಣ್ಣ ಬಿಜ್ಜಳನ ಭಂಡಾರಿ, ಇಂದಿನ ಲೆಕ್ಕದಲ್ಲಿ ಹಣಕಾಸು ಮಂತ್ರಿ. ಮಂತ್ರಿಯ ಮಾತನ್ನು ಪ್ರಸಾರ ಮಾಡಿದಿರಿ ಎಂದು ನೋಟಿಸು ಬಂದರೆ ಉತ್ತರ ಕೊಡುವವರು ಯಾರು? ಮೊಹರಮ್ಮಿನ ರಿವಾಯತ್ ಪದ ಹಾಕೋಣವೇ? ಕರ್ಬಲಾ ಎಂದರೆ ಅಧಿಕಾರದ ಮುಂದೆ ತಲೆ ಬಾಗದವರ ಕಥೆ. ಅದನ್ನು ಹಿಂದೂ ಮುಸಲ್ಮಾನರು ಕೂಡಿ, ಕನ್ನಡದಲ್ಲಿ, ಅಲಾಯಿ ಕುಣಿಯುತ್ತ ಹಾಡುತ್ತಾರೆಂದರೆ ಈಗಿನ ದಿನಮಾನದಲ್ಲಿ ಇದಕ್ಕಿಂತ ರಾಜಕೀಯವಾದದ್ದು ಇನ್ನೇನುಂಟು.

ತೆಲುಗಿನ ಹಾಡಿಗೆ ಹೊರಳಿದರೆ ಗೊಂದಲ ಇನ್ನೂ ಸೊಗಸು. ಜನಗಾಯಕ ಗದ್ದರ್ ಹಾಡುತ್ತಿದ್ದ ಕಾಲದಲ್ಲಿ, 1997ರಲ್ಲಿ, ಅವರ ಮೈಗೆ ಗುಂಡು ಹೊಕ್ಕಿತು. 2023ರಲ್ಲಿ ತೀರಿಕೊಂಡರು. ಈಗ ತೆಲಂಗಾಣ ಸರ್ಕಾರದ ಸಿನಿಮಾ ಪ್ರಶಸ್ತಿಗೆ ಅವರದೇ ಹೆಸರು. ಅಂದೆಶ್ರೀ ಬರೆದ ‘ಜಯ ಜಯಹೇ ತೆಲಂಗಾಣ’ ಪ್ರತ್ಯೇಕ ರಾಜ್ಯದ ಚಳವಳಿಯಲ್ಲಿ ಬೀದಿ ಬೀದಿ ತಿರುಗಿದ ಹಾಡು. 2024ರ ಜೂನ್‌ನಿಂದ ಅದು ರಾಜ್ಯಗೀತೆ. ಚಳವಳಿ ಕಾವಿನಲ್ಲಿದ್ದಾಗ ಹಾಕಿದ್ದರೆ ರಾಜಕೀಯ, ಈಗ ಹಾಕದಿದ್ದರೆ ರಾಜಕೀಯ. ಹಾಡಿನಲ್ಲಿ ರಾಜಕೀಯ ಇದೆಯೋ ಇಲ್ಲವೋ ಎಂಬುದು ಆ ಹೊತ್ತಿಗೆ ಯಾರು ಕುರ್ಚಿಯಲ್ಲಿದ್ದಾರೆ ಎನ್ನುವುದರ ಮೇಲಿದೆ. ಪ್ರಸಾರವಾದದ್ದನ್ನೆಲ್ಲ ಮೂರು ತಿಂಗಳು ಮುದ್ರಿಸಿ ಕಾಪಿಡಬೇಕು ಎಂಬ ನಿಯಮ ಬೇರೆ ಇದೆ. ಮೂರು ತಿಂಗಳಲ್ಲಿ ಸರ್ಕಾರ ಬದಲಾದರೆ ಏನು ಮಾಡಬೇಕು ಎಂದು ಅದರಲ್ಲಿ ಬರೆದಿಲ್ಲ.

ಇದೇ ತೆಲಂಗಾಣದಲ್ಲಿ, ಬೀದರಿಗೆ ಹತ್ತಿದ ಜಹೀರಾಬಾದ್ ಸೀಮೆಯಲ್ಲಿ, ಮಾಚನೂರು ಎಂಬ ಹಳ್ಳಿಯಿದೆ. ಮೈಸೂರು ಕಡೆಯ ಪಿ.ವಿ. ಸತೀಶ್ ದೂರದರ್ಶನದ ನಿರ್ಮಾಪಕರಾಗಿದ್ದವರು. ಅದನ್ನು ಬಿಟ್ಟು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿ ಅಲ್ಲಿಯ ದಲಿತ ಹೆಂಗಸರ ಸಂಘಗಳ ನಡುವೆ ಬದುಕಿದರು. ಯುನೆಸ್ಕೊ ನೆರವಿನಲ್ಲಿ ತೊಂಬತ್ತರ ದಶಕದ ಕೊನೆಗೇ ಅಲ್ಲಿ ಸ್ಟುಡಿಯೊ ಎದ್ದಿತ್ತು, ಹೆಂಗಸರು ಟೇಪಿನ ಮೇಲೆ ಟೇಪು ಮುದ್ರಿಸುತ್ತಿದ್ದರು. ಗಾಳಿಗೆ ಬಿಡಲು ಅಪ್ಪಣೆಯಿಲ್ಲ. ಅದಾಗಲೇ 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಗಾಳಿಯ ತರಂಗ ಸಾರ್ವಜನಿಕರ ಸೊತ್ತು ಎಂದು ತೀರ್ಪಿತ್ತಾಗಿತ್ತು. ಮೊಕದ್ದಮೆ ಹೂಡಿದವರು ಯಾರೆಂದುಕೊಂಡಿರಿ? ಕ್ರಿಕೆಟ್ಟಿನವರು, ಬಂಗಾಳದ ಕ್ರಿಕೆಟ್ ಸಂಸ್ಥೆ. ಗಾಳಿಯ ಒಡೆತನ ಕ್ರಿಕೆಟ್ಟಿನ ದೆಸೆಯಿಂದ ಜನರಿಗೆ ಬಂತು, ಜನರ ಕೈಗೆ ಮಾತ್ರ ಬರಲಿಲ್ಲ. 2002ರ ಕೊನೆಯಲ್ಲಿ ಸರ್ಕಾರ ಸಮುದಾಯ ರೇಡಿಯೊಗೆ ಬಾಗಿಲು ತೆರೆದಾಗ ಸಮುದಾಯವೆಂದು ಅದರ ಕಣ್ಣಿಗೆ ಬಿದ್ದದ್ದು ಐಐಟಿ, ಐಐಎಂಗಳು. ಹಳ್ಳಿಗಳಿಗೆ ಅವಕಾಶ ಸಿಕ್ಕಿದ್ದು 2006ರ ನವೆಂಬರಿನಲ್ಲಿ. ಮಾಚನೂರಿನ ಸಂಗಂ ರೇಡಿಯೊ ಕೊನೆಗೂ ಬಾಯಿ ತೆರೆದದ್ದು 2008ರ ಅಕ್ಟೋಬರ್ 15ರಂದು. ಉದ್ಘಾಟನೆಗೆ ಬಂದವರು 1995ರ ತೀರ್ಪು ಬರೆದ ಪೀಠದಲ್ಲಿದ್ದ ನ್ಯಾಯಮೂರ್ತಿ ಪಿ.ಬಿ. ಸಾವಂತ್. ತಾವು ಬರೆದ ತೀರ್ಪು ಮಾಚನೂರಿಗೆ ಬಂದು ಮುಟ್ಟಲು 13 ವರ್ಷ ಹಿಡಿದದ್ದನ್ನು ಅವರು ಕಣ್ಣಾರೆ ಕಂಡರು.

ಜನರಲ್ ನರಸಮ್ಮ, ಆಲ್ಗೋಲು ನರಸಮ್ಮ ಎಂಬಿಬ್ಬರು ಆ ರೇಡಿಯೊ ನಡೆಸಿದರು. ಸುದ್ದಿ ಓದಲಿಲ್ಲ, ಭಾಷಣ ಮಾಡಲಿಲ್ಲ. ನವಣೆ, ಸಜ್ಜೆ, ಜೋಳದ ಬೀಜ ಹೇಗೆ ಕಾಪಿಡಬೇಕು, ಬೀಸುವಾಗ ಯಾವ ಹಾಡು, ಬಾಣಂತಿಗೆ ಯಾವ ಕಾಳು ಎಂದು ಮಾತಾಡಿದರು. ಬೀಜ ಕಂಪನಿಯವನ ಹಂಗಿಲ್ಲದೆ ಬಿತ್ತುವುದು ಹೇಗೆಂದು ದಲಿತ ಹೆಂಗಸು ಮೈಕಿನಲ್ಲಿ ಹೇಳುವುದು ರಾಜಕೀಯವಲ್ಲದೆ ಮತ್ತೇನು? ಆದರೆ ದೆಹಲಿಗೆ ಅದು ಅಡಿಗೆ ಕಾರ್ಯಕ್ರಮದಂತೆ ಕೇಳಿಸಿತು. ಹೆಂಗಸರು ಆಡಿದ್ದೆಲ್ಲ ಅಡಿಗೆಮನೆಯ ಮಾತು ಎಂದುಕೊಳ್ಳುವವರ ಕಿವಿಯಿಂದ ಇಂಥ ಉಪಕಾರವೂ ಆಗುವುದುಂಟು. 2023ಕ್ಕೆ ಕಾಳುಗಳಿಗೂ ದೆಸೆ ತಿರುಗಿತು. ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದಿತು, ಸರ್ಕಾರ ಶ್ರೀ ಅನ್ನ ಎಂದು ಹೊಸ ನಾಮಕರಣ ಮಾಡಿತು. ಮಾರ್ಚ್ 18ರಂದು ದೆಹಲಿಯಲ್ಲಿ ಜಾಗತಿಕ ಸಮ್ಮೇಳನ ಆರಂಭವಾಯಿತು. ಮರುದಿನ ಹೈದರಾಬಾದಿನಲ್ಲಿ ಸತೀಶ್ ತೀರಿಕೊಂಡರು. ಸಮುದಾಯ ರೇಡಿಯೊ ತಾನಾಗಿ ಓದಬಾರದ ಸುದ್ದಿಗಳಲ್ಲಿ ಇದೂ ಒಂದು.

ಸತೀಶ್ ಮೈಸೂರು ಕಡೆಯವರು ಎಂದಾಗ ನೆನಪಾಯಿತು. 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರುಮಾಡಿದರು. ಆಕಾಶವಾಣಿ ಎಂಬ ಹೆಸರು ಅಲ್ಲಿಂದಲೇ ದೇಶಕ್ಕೆ ಹೋಯಿತು. ಅವರು ಇಂದು ಅರ್ಜಿ ಹಾಕಿದರೆ ಮೊದಲ ಪುಟದಲ್ಲೇ ವಜಾ, ಬಿಡಿ ವ್ಯಕ್ತಿಗಳಿಗೆ ಲೈಸೆನ್ಸಿಲ್ಲ. ನಿಜಾಮನ ಡೆಕ್ಕನ್ ರೇಡಿಯೊ ಕೂಡ ಉರ್ದುವಿನ ಜೊತೆಗೆ ತೆಲುಗು, ಮರಾಠಿ, ಕನ್ನಡ ಆಡುತ್ತಿತ್ತು. 1948ರ ಸೆಪ್ಟೆಂಬರ್ 17ರಂದು ನಿಜಾಮ ಶರಣಾದದ್ದು ಜನಕ್ಕೆ ಗೊತ್ತಾದದ್ದು ಹೈದರಾಬಾದಿನ ರೇಡಿಯೊದಲ್ಲಿ ಅವನದೇ ದನಿಯಿಂದ. ಕೋಲಾರ ಜಿಲ್ಲೆಯ ಬೂದಿಕೋಟೆಯವರು ಇನ್ನೂ ಜಾಣರು. ಗಾಳಿಯಲ್ಲಿ ಬಿಟ್ಟರೆ ಅಪರಾಧ ತಾನೇ, ಎಂದು ಎರಡು ಸಾವಿರದ ಮೊದಲ ವರ್ಷಗಳಲ್ಲಿ ‘ನಮ್ಮ ಧ್ವನಿ’ಯನ್ನು ಟಿವಿ ಕೇಬಲ್ಲಿನ ತಂತಿಯೊಳಗೆ ಹರಿಬಿಟ್ಟರು. ಹೈದರಾಲಿ ಹುಟ್ಟಿದೂರು, ಕೋಟೆಗೆ ಇನ್ನೊಂದು ದಿಡ್ಡಿ ಬಾಗಿಲು ಹುಡುಕುವುದು ಅವರಿಗೆ ರಕ್ತಗತ.

ತಪ್ಪೆಲ್ಲ ಸರ್ಕಾರದ್ದೇ ಎಂದರೆ ರೇಡಿಯೊದವರಿಗೆ ಬಿಟ್ಟಿ ಪುಣ್ಯ ಕೊಟ್ಟಂತಾದೀತು. ದೇಶದಲ್ಲಿ ಈಗ ಐನೂರಕ್ಕೂ ಹೆಚ್ಚು ಸಮುದಾಯ ರೇಡಿಯೊಗಳಿವೆ. ಎಷ್ಟೋ ಕಡೆ ಸಮುದಾಯ ಎಂದರೆ ಕಾಲೇಜಿನ ಆಡಳಿತ ಮಂಡಳಿ. ಸಾಮಾಜಿಕ ನ್ಯಾಯ ಎಂದರೆ ಪ್ರಾಯೋಜಕರು ಕಾಸು ಕೊಟ್ಟ ಆರು ಕಂತು, ಕೈ ತೊಳೆಯಿರಿ ಎಂಬ ಹಾಡಿನ ಸಮೇತ. ತೊಳೆಯಲು ನೀರೆಲ್ಲಿ ಎಂಬುದು ಏಳನೆಯ ಕಂತಿಗೆ ಬರಬೇಕಿತ್ತು, ಅಷ್ಟರಲ್ಲಿ ಪ್ರಾಜೆಕ್ಟು ಮುಗಿಯಿತು. ರೇಡಿಯೊದವರು ಒಮ್ಮೆ ಮಾತ್ರ ಸಿಟ್ಟಾದರು. 2012ರಲ್ಲಿ ತರಂಗಾಂತರದ ವಾರ್ಷಿಕ ಶುಲ್ಕವನ್ನು 19,700 ರೂಪಾಯಿಯಿಂದ ಏಕ್‌ದಂ 91,000ಕ್ಕೆ ಏರಿಸಿದಾಗ ಮೇ ತಿಂಗಳಲ್ಲಿ ಒಂದು ದಿನ ಪ್ರಸಾರ ನಿಲ್ಲಿಸಿ ಮೌನ ಆಚರಿಸಿದರು. ಸರ್ಕಾರ ಬೆಚ್ಚಿ ಶುಲ್ಕ ಇಳಿಸಿತು. ಇವರು ಮಾತಾಡಿದಾಗ ಕೇಳಿಸದ್ದು ಸುಮ್ಮನಾದಾಗ ದೆಹಲಿಗೆ ಸ್ವಚ್ಛವಾಗಿ ಕೇಳಿಸಿತ್ತು.

ಮೇಲಿನಿಂದ ಕೆಳಗೆ ಬರುವ ಮಾತಿಗೆ ಈ ತೊಡಕೊಂದೂ ಇಲ್ಲ. 2014ರ ಅಕ್ಟೋಬರಿನಿಂದ ತಿಂಗಳಿಗೊಮ್ಮೆ ಪ್ರಧಾನಿಯವರ ಮನದ ಮಾತು ಆಕಾಶವಾಣಿಯಲ್ಲಿ ಬರುತ್ತದೆ, ಸಮುದಾಯ ರೇಡಿಯೊಗಳೂ ಪ್ರಸಾರ ಮಾಡುತ್ತವೆ. ಅದು ರಾಜಕೀಯವಲ್ಲ, ಮನಸ್ಸು. ದಾಮರಗಿದ್ದದ ಕೂಲಿಯವಳಿಗೂ ಮನಸ್ಸೊಂದಿದೆ, ಅವಳದು ಪ್ರಚಲಿತ ವಿದ್ಯಮಾನ. ಅವಳ ಕೈಯ ಮೊಬೈಲಿನಲ್ಲಿ ಬೆಳಗಾಗುವುದರೊಳಗೆ ನೂರು ಸುಳ್ಳು ಸುದ್ದಿ ಬಂದು ಬೀಳುತ್ತವೆ. ಅವಕ್ಕೆ ಕಂಬದ ಎತ್ತರವಿಲ್ಲ, ವ್ಯಾಟಿನ ಮಿತಿಯಿಲ್ಲ, ರಕ್ಷಣಾ ಸಚಿವಾಲಯದ ಒಪ್ಪಿಗೆ ಬೇಕಿಲ್ಲ.

ಹೀಗೆಂದು ಕೈಕಟ್ಟಿ ಕೂರಬೇಕಿಲ್ಲ. ಸುದ್ದಿಯಲ್ಲದ ವಸ್ತುಗಳ ಪಟ್ಟಿಯನ್ನು ಇನ್ನೊಮ್ಮೆ ಓದಿ. ಸ್ಥಳೀಯ ಕ್ರೀಡೆಗಳ ನೇರ ವೀಕ್ಷಕ ವಿವರಣೆಗೆ ಅನುಮತಿಯಿದೆ. ಕಬಡ್ಡಿಗೆ ಅಡ್ಡಿಯಿಲ್ಲ. ನಾರಾಯಣಪೇಟೆ–ಕೊಡಂಗಲ್ ಏತ ನೀರಾವರಿಗೆ 2024ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿತ್ತು, ಪರಿಹಾರ ಸಾಲದೆಂದು ಜಿಲ್ಲೆಯ ರೈತರು ಧರಣಿ ಕುಂತರು. ಅದನ್ನು ರೇಡಿಯೊದಲ್ಲಿ ಹೇಳಬಾರದು, ಒಪ್ಪೋಣ. ಭೂಮಿಯ ಬಗ್ಗೆ ಊರಲ್ಲಿ ಸಭೆ ಕರೆದ ದಿನ ನಮ್ಮ ಕೇಂದ್ರ ಮೈದಾನಕ್ಕೆ ಒಬ್ಬ ಕಾಮೆಂಟೇಟರನ್ನು ಕಳಿಸುತ್ತದೆ, ಅಷ್ಟೇ.

“ನಮಸ್ಕಾರ್ರಿ, ದಾಮರಗಿದ್ದ ತೊಂಬತ್ತು ಪಾಯಿಂಟ್ ನಾಕು. ಈ ಕಡಿ ರೈತರ ಟೀಮು, ಆ ಕಡಿ ಆಫೀಸಿನ ಟೀಮು. ಟಾಸ್ ಆಫೀಸಿನವರು ಗೆದ್ದಾರ, ನಾಣ್ಯಾನೂ ಅವರದೇ ಇತ್ತು. ಪಹಿಲಾ ರೇಡಿಗಿ ಬಂದಾರ ನೋಡ್ರಿ ಸರ್ವೇದವರು. ಕಬಡ್ಡಿ ಕಬಡ್ಡಿ ಅನಕೋತ ಒಂದೇ ಉಸಿರಿನ್ಯಾಗ ಮೂರು ಎಕರೆ ತೊಗರಿ ಹೊಲ ಮುಟ್ಯಾರ, ತಿರುಗಿ ಗೆರಿ ದಾಟ್ಯಾರ. ಮೂರು ಪಾಯಿಂಟ! ರೈತರ ಕಡಿಂದ ಒಬ್ಬ ಮುದುಕ ಎದ್ದ. ಎಕರೆಕ್ಕ ಎಷ್ಟು ಕೊಡ್ತೀರಿ ಅಂತ ಕೇಳ್ದ. ರೆಫ್ರಿ ಸೀಟಿ ಊದ್ಯಾರ, ಆಟದಾಗ ಮಾತಾಡೂದು ಫೌಲು ಅಂತ, ಮುದುಕನ್ನ ಹೊರಗ ಕುಂದ್ರಿಸ್ಯಾರ. ಈಗ ಹೆಣ್ಮಕ್ಕಳು ಮೈದಾನದಾಗ ಇಳದಾರ, ಕೈಗಿ ಕೈ ಹಿಡ್ದು ಸರಪಳಿ ಕಟ್ಯಾರ. ಪಟ್ಟಾ ಪುಸ್ತಕ ಯಾರ ಹೆಸರಿಗೂ ಇಲ್ಲ ಖರೆ, ಹಿಡಿತ ಮಾತ್ರ ಬಿಗಿ ಅದ. ರೇಡರ್ ಸಾಹೇಬ್ರ ಕಾಲು ಸಿಕ್ಕದ್ರಿ, ಸಾಹೇಬ್ರು ಫೋನ್ ತಗದಾರ, ಪೊಲೀಸ್ ಜೀಪು ಬಂತು. ಸಬ್‌ಸ್ಟಿಟ್ಯೂಟ್ ಆಟಗಾರರು ಇಳೀಲಿಕ್ಕತ್ಯಾರ. ಸ್ಕೋರ್ ಎಷ್ಟಂತ ಭಾಳ ಮಂದಿ ಕೇಳಾಕತ್ತೀರಿ. ಸ್ಕೋರು ನಮ್ಮ ಕೈಯಾಗೇ ಅದ್ರಿ, ಸ್ಥಳೀಯ ಆಡಳಿತದಿಂದ ಕಾಗದ ಬರೂತನಕ ಹೇಳಂಗಿಲ್ಲ. ಅಲ್ಲೀತನಕ ಕೇಳ್ರಿ ಒಂದು ತತ್ವಪದ.”