ಬೆನ್ನಿನ ಫೋಟೋಗ್ರಾಫರ್

ಮಗಳು ಶಾಲೆಯ ಖೊಖೊ ತಂಡಕ್ಕೆ ಆಯ್ಕೆಯಾದಳು. ಫ್ರಿಜ್ಜಿಗೆಂದು ಕೂಡಿಟ್ಟ ದುಡ್ಡು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಆಯಿತು. ಹೆಂಡತಿ ಕೇಳಿದ್ದು ಒಂದೇ ಮಾತು: "ಇದರಾಗೆ ಮೊಸರಿಟ್ಟರೆ ಹುಳಿ ಆಗಲ್ಲೇನ್ರೀ?"

ಖೊಖೊ ಕಂಡುಹಿಡಿದವರಿಗೆ ಅಪ್ಪಂದಿರ ಮೇಲೆ ಏನೋ ಹಳೇ ಸಿಟ್ಟಿರಬೇಕು. ಎರಡು ಕಂಬಗಳ ನಡುವೆ 8 ಹುಡುಗಿಯರು ಸಾಲಾಗಿ ಕೂರುತ್ತಾರೆ. ಒಬ್ಬಳ ಮುಖ ಈ ಕಡೆ, ಪಕ್ಕದವಳದು ಆ ಕಡೆ. 9ನೆಯವಳು ಎದುರಾಳಿಯನ್ನು ಅಟ್ಟಿಸಿಕೊಂಡು ಓಡುತ್ತಾಳೆ. ನಡುಗೆರೆ ದಾಟುವಂತಿಲ್ಲ, ಹಿಂದಿರುಗುವಂತಿಲ್ಲ. ನನ್ನ ಮಗಳ ಮುಖ ಯಾವಾಗಲೂ ಆ ಕಡೆಗೇ. ಕ್ಯಾಮೆರಾ ಹೊತ್ತು ಅಂಗಳ ಸುತ್ತಿ ಆ ಕಡೆ ಹೋದೆನೆನ್ನಿ, ಅಷ್ಟರಲ್ಲಿ ಅವಳಿಗೆ ಖೊ ಸಿಕ್ಕಿರುತ್ತದೆ. ನಾಲ್ಕು ಹೆಜ್ಜೆ ಓಡಿ, ತನಗೆ ಬೆನ್ನು ಮಾಡಿ ಕೂತವಳಿಗೆ ಖೊ ಕೊಟ್ಟು, ಅವಳ ಜಾಗದಲ್ಲಿ ಅವಳಂತೆಯೇ ಕೂತುಬಿಡುತ್ತಾಳೆ. ಅಂದರೆ ಮುಖ ಈಗ ನಾನು ಬಿಟ್ಟು ಬಂದ ಕಡೆಗೆ! ಪಂದ್ಯ ಮುಗಿಯುವಷ್ಟರಲ್ಲಿ ಇಡೀ ಮೈದಾನದಲ್ಲಿ ಅತಿ ಹೆಚ್ಚು ಓಡಿದ ಆಟಗಾರ ನಾನೇ.

ಅಮೆರಿಕದಲ್ಲಿ ಬೇಸ್‌ಬಾಲ್ ಮಕ್ಕಳ ಅಪ್ಪಂದಿರು ತಂತಿಬಲೆಯ ಹಿಂದೆ ನಿಂತು ಫೋಟೋ ತೆಗೆಯುತ್ತಾರಂತೆ. ಅಲ್ಲೂ ತಂಡಕ್ಕೆ 9 ಜನವೇ. ಆದರೆ ಓಡುವ ಮಗು ಯಾವ ಬೇಸಿಗೆ ಬರುತ್ತದೆಂದು ಮೊದಲೇ ಗೊತ್ತಿರುತ್ತದೆ. ಫೋಕಸ್ ತಪ್ಪಿದರೆ ದೂರನ್ನು ಬಲೆಯ ಮೇಲೆ ಹಾಕಬಹುದು. ನನಗೆ ನೆಪಕ್ಕೊಂದು ಬಲೆಯೂ ಇಲ್ಲ.

ಕುರುಗೋಡಿನ ತಾಲ್ಲೂಕು ಪಂದ್ಯದಲ್ಲಿ ಶಟರ್ ಸಾವಿರಕ್ಕೆ ಒಂದು ಇಟ್ಟಿದ್ದೆ. ಕ್ಯಾಮೆರಾ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಕೆಲಸ ಮುಗಿಸುತ್ತಿತ್ತು, ನಿಜ; ಆದರೆ ಗುಂಡಿ ಒತ್ತುವ ಬೆರಳು ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಬಂದಿತ್ತು. ಹೀಗಾಗಿ ಮಗಳು ಕಂಬ ಹಿಡಿದು ತಿರುಗಿದ ಫೋಟೋದಲ್ಲಿ ಕಂಬ ಮಾತ್ರ ಇದೆ.

ಸಿರುಗುಪ್ಪದ ಪಂದ್ಯಕ್ಕೆ ಹೊಸ ಉಪಾಯ: ಮಂಡಿಯೂರಿ ಕೆಳಗಿನಿಂದ ತೆಗೆಯುವುದು. ಹಿಂದಿನ ರಾತ್ರಿ ಮಳೆಯಾಗಿತ್ತು. ಗೆರೆಯಾಚೆ ಎರೆಮಣ್ಣಿನಲ್ಲಿ ಮಂಡಿಯೂರಿದವನು ಎದ್ದಾಗ ಚಪ್ಪಲಿ ಎರಡೂ ಅಲ್ಲೇ ಉಳಿದವು. "ಯಾರೇ ಅವರು?" ಎಂದು ಗೆಳತಿ ಕೇಳಿದ್ದಕ್ಕೆ ಮಗಳು, "ಯಾರೋ ಪೇಪರಿನೋರು ಕಣೆ," ಅಂದಳು.

ಬಳ್ಳಾರಿಯ ಜಿಲ್ಲಾ ಪಂದ್ಯದ ಫೋಟೋಗಳನ್ನು ಟಿವಿಗೆ ಹಾಕಿ ಮನೆಮಂದಿಯನ್ನೆಲ್ಲ ಕೂರಿಸಿದೆ. ಅವ್ವ ಕನ್ನಡಕ ಸರಿಮಾಡಿಕೊಂಡು ಕೇಳಿದಳು, "ನಮ್ ಹುಡುಗಿ ಎಲ್ಲೋ?"

"ಅಕಾ, ಆ ಮಸುಕು."

"ಹಿಂದೆ ಕೋಟೆ ಗುಡ್ಡ ಭಾಳ ಚೆಂದ ಬಂದೈತೆ ಬಿಡು. ಅದು ಓಡಲ್ಲ ನೋಡು."

ಹೆಂಡತಿ ಏನೂ ಅನ್ನಲಿಲ್ಲ. ಎದ್ದುಹೋಗಿ ಹುಳಿ ಮೊಸರಿಗೆ ಒಗ್ಗರಣೆ ಹಾಕಿದಳು.

ನನ್ನ ಕಲೆಗೆ ಬೆಲೆ ಕಟ್ಟಿದ್ದು ಪಿ.ಟಿ. ಮೇಷ್ಟ್ರು ಒಬ್ಬರೇ. ಖುದ್ದು ಮನೆಗೆ ಬಂದು ಒಂದೊಂದೇ ಫೋಟೋ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನಾನು ಹೆಂಡತಿಗೆ ಕೇಳುವಂತೆ, "ಹೆಂಗದಾವೆ ಸಾರ್?" ಅಂದೆ.

"ಭಾಳ ಉಪಕಾರ ಆತು ಸಾರ್. ಎಲ್ಲರ ಬೆನ್ನೂ ಕಾಣ್ತೈತೆ. ಯಾವ ನಂಬರಿನ ಜೆರ್ಸಿ ವಾಪಸ್ ಬಂದಿಲ್ಲ ಅಂತ ಈಗ ಗೊತ್ತಾತು. ಮುಂದಿನ ವರ್ಷಾನೂ ನೀವೇ ಬರಬೇಕು."