ಮಿನಿಮಮ್ಮಣ್ಣ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮಿನಿಮಮ್ಮಣ್ಣ ಇಲ್ಲದ ಊರು ಸಿಗುವುದು ಕಷ್ಟ. ಹುಳಿಯಾರಿನಲ್ಲೂ ಇದ್ದಾನೆ, ನೊಣವಿನಕೆರೆಯಲ್ಲೂ ಇದ್ದಾನೆ. ಒಂದಿಷ್ಟು ತೆಂಗು, ಮನೆಗೊಂದು ಅಟ್ಟ, ಜೇಬಿನಲ್ಲೊಂದು ಕ್ರೆಡಿಟ್ ಕಾರ್ಡು, ಇಷ್ಟಿದ್ದರೆ ಅವನ ಲಕ್ಷಣ ಪೂರ್ತಿಯಾಯಿತು. ತಿಂಗಳ ಬಿಲ್ಲಿನಲ್ಲಿ ಒಟ್ಟು ಬಾಕಿ, ಕನಿಷ್ಠ ಪಾವತಿ ಎಂದು ಎರಡು ಮೊತ್ತ ಇರುತ್ತವಲ್ಲ, ಮೊದಲನೆಯದು ಬ್ಯಾಂಕಿನವರ ಆಸೆ, ಎರಡನೆಯದು ತನ್ನ ಧರ್ಮ ಎಂಬುದು ಅವನ ನಂಬಿಕೆ. ‘ಮಿನಿಮಮ್ ಕಟ್ಟಿವ್ನಿ ಕಣಪ್ಪ, ಉಳಿಕೇದು ರೇಟ್ ಬಂದಾಗ ನೋಡಾನ’ ಎಂದು ಹೇಳಿ ನೆಮ್ಮದಿಯಾಗಿ ಮಲಗುತ್ತಾನೆ. ಪೇಟೆಯ ಹಣಕಾಸು ಪಂಡಿತರು ಇವನಿಗೆ ಲೆಕ್ಕ ಬರುವುದಿಲ್ಲ ಎನ್ನುತ್ತಾರೆ. ಅದು ಶುದ್ಧ ತಪ್ಪು. ಲೆಕ್ಕ ಅವನಿಗೆ ಚೆನ್ನಾಗಿಯೇ ಬರುತ್ತದೆ. ಅದಕ್ಕಿಂತ ಚೆನ್ನಾಗಿ ಕಾಯುವುದು ಬರುತ್ತದೆ. ಅವನನ್ನು ಹಾಳು ಮಾಡಿರುವುದು ಈ ಎರಡನೆಯ ವಿದ್ಯೆ.

ಈ ವಿದ್ಯೆ ಸುಮ್ಮನೆ ಬಂದದ್ದಲ್ಲ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಸಿಪ್ಪೆ ಸಮೇತ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಅಷ್ಟಾದ ಮೇಲೂ ಟೆಂಡರ್ ದಿನ ತಿಪಟೂರು ಎಪಿಎಂಸಿಯಲ್ಲಿ ಏನು ರೇಟಾಯಿತು ಎಂದು ಫೋನಿನಲ್ಲಿ ಕೇಳಿ, ‘ಇನ್ನೊಂದು ವಾರ ನೋಡಾನ’ ಎನ್ನುವುದು ಸಂಪ್ರದಾಯ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆ ದರ ಹತ್ತು ಸಾವಿರಕ್ಕಿಂತ ಕೆಳಗೆ ಬಿದ್ದಾಗ ಅವಸರಕ್ಕೆ ಮಾರಿದವರು ಅತ್ತರು. ತಡೆದುಕೊಂಡವರು 2025ರಲ್ಲಿ ದರ ಇಪ್ಪತ್ತು ಸಾವಿರ ದಾಟಿದಾಗ ಮೀಸೆ ತಿರುವಿದರು. ಹೀಗೆ ತಾಳ್ಮೆಗೆ ಬಹುಮಾನ ಸಿಕ್ಕುವುದನ್ನು ಕಣ್ಣಾರೆ ಕಂಡವನು ಸಾಲವನ್ನೂ ಅಟ್ಟಕ್ಕೆ ಹಾಕಿದರೆ ಆಶ್ಚರ್ಯವೇನು? ಮೇಲಿಟ್ಟ ಕಾಯಿ ತೂಕ ಕಳೆದುಕೊಳ್ಳುತ್ತದೆ, ಮೇಲಿಟ್ಟ ಸಾಲ ತೂಕ ಹೆಚ್ಚಿಸಿಕೊಳ್ಳುತ್ತದೆ ಎಂಬುದಷ್ಟೇ ವ್ಯತ್ಯಾಸ. ಸಾಲಕ್ಕೆ ಇಲಿಯ ಕಾಟವೂ ಇಲ್ಲ, ನುಸಿ ರೋಗವೂ ಇಲ್ಲ.

ಊರಿನ ಬಡ್ಡಿಯ ಭಾಷೆಯಲ್ಲೇ ನೋಡಿ. ಕೈಸಾಲ ಕೊಟ್ಟವನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಕೇಳಿದರೆ ಮಿನಿಮಮ್ಮಣ್ಣ ಅರಳಿಕಟ್ಟೆಯಲ್ಲಿ ಕೂತು ‘ರಕ್ತ ಹೀರ್ತಾನೆ’ ಎಂದು ಶಪಿಸುತ್ತಾನೆ. ಬಾಕಿ ಉಳಿಸಿದರೆ ಬಹಳಷ್ಟು ಕಾರ್ಡುಗಳ ಬಡ್ಡಿ ನೂರಕ್ಕೆ ಮೂರೂವರೆ ರೂಪಾಯಿಯ ಆಸುಪಾಸು, ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೇರೆ. ಇಂಗ್ಲಿಷಿನಲ್ಲಿ ಬರೆದಿರುವುದರಿಂದ ಅದು ಗೌರವಸ್ಥ ಬಡ್ಡಿ. ಐವತ್ತು ಸಾವಿರ ಬಾಕಿಗೆ ತಿಂಗಳ ಬಡ್ಡಿ 1,750, ತೆರಿಗೆ 315. ಬಿಲ್ಲು 52,065 ಆಯಿತು. ಸಾಮಾನ್ಯವಾಗಿ ಕನಿಷ್ಠ ಪಾವತಿ ಇದರ ಶೇ 5, ಅಂದರೆ ಸುಮಾರು 2,603. ಅಷ್ಟನ್ನೂ ಕಟ್ಟಿದರೆ ಅಸಲಿನಲ್ಲಿ ಇಳಿದದ್ದು 538 ರೂಪಾಯಿ. ಕಾರ್ಡನ್ನು ಮತ್ತೆ ಮುಟ್ಟದೆ ಇದೇ ಪ್ರಕಾರ ನಡೆದರೆ ಐವತ್ತು ಸಾವಿರ ಇಪ್ಪತ್ತೈದು ಸಾವಿರಕ್ಕೆ ಇಳಿಯಲು ಐದು ವರ್ಷದ ಮೇಲೆ ನಾಲ್ಕು ತಿಂಗಳು ಬೇಕು. ಅಷ್ಟರೊಳಗೆ ಕಟ್ಟಿದ ಒಟ್ಟು ಮೊತ್ತ ಒಂದು ಲಕ್ಷದ ಇಪ್ಪತ್ತು ಸಾವಿರ ಮೀರಿರುತ್ತದೆ. ಕಾರ್ಡು ಮುಟ್ಟದೆ ಇರುವವನೂ ಅವನಲ್ಲ. ಹಳೇ ಬಾಕಿ ಉಳಿದಿದ್ದರೆ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳ ಸವಲತ್ತೇ ಹೋಗುತ್ತದೆ. ಇವತ್ತು ಕೊಂಡ ಗೊಬ್ಬರಕ್ಕೆ ಇವತ್ತಿನಿಂದಲೇ ಬಡ್ಡಿ. ಕನಿಷ್ಠ ಪಾವತಿಯಿಂದ ಅಸಲು ಬೆಳೆಯುತ್ತಾ ಹೋಗಬಾರದು ಎಂದು ರಿಸರ್ವ್ ಬ್ಯಾಂಕು 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಕೊಟ್ಟಿದೆ. ಆ 538 ರೂಪಾಯಿ ಇಳಿದದ್ದರಿಂದ ನಿರ್ದೇಶನದ ಪಾಲನೆಯೂ ಆದಂತಾಯಿತು. ಕೋರ್ಟು ಕೈ ಹಿಡಿದೀತು ಎನ್ನುವ ಹಾಗೂ ಇಲ್ಲ. ಕಾರ್ಡಿನ ಬಡ್ಡಿ ಶೇ 30 ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ಆದೇಶವನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರ್‌ನಲ್ಲಿ ತಳ್ಳಿಹಾಕಿತು.

ಮಿನಿಮಮ್ಮಣ್ಣನ ವಾದಗಳನ್ನೂ ಕೇಳದಿದ್ದರೆ ಅನ್ಯಾಯವಾದೀತು. ಮಿನಿಮಮ್ ಕಟ್ಟಿದರೆ ದಂಡ ಬೀಳುವುದಿಲ್ಲ, ಸುಸ್ತಿದಾರ ಎಂಬ ಮುದ್ರೆಯೂ ಬೀಳುವುದಿಲ್ಲ ಎನ್ನುತ್ತಾನೆ. ನಿಜ. ಆಸ್ಪತ್ರೆಯ ಖರ್ಚು ಬಂದ ತಿಂಗಳು ಅದು ದೊಡ್ಡ ಆಸರೆಯೇ. ಆದರೆ ಅವನ ಮನೆಯಲ್ಲಿ ಆ ತಿಂಗಳು ಮುಗಿಯುವುದೇ ಇಲ್ಲ. ‘ಕೊಬ್ಬರಿ ಡಬಲ್ ಆಗ್ಲಿಲ್ವಾ?’ ಎಂಬುದು ಎರಡನೆಯ ವಾದ, ಇದು ಗಟ್ಟಿಯಾದದ್ದು. ಮೂರೂವರೆಯನ್ನು ಹನ್ನೆರಡರಿಂದ ಗುಣಿಸಿ ತೆರಿಗೆ ಸೇರಿಸಿದರೆ ವರ್ಷಕ್ಕೆ ನೂರಕ್ಕೆ ಐವತ್ತರ ಹತ್ತಿರ. ಸಾಲ ಉಳಿಸಿಕೊಂಡು ಕೊಬ್ಬರಿ ಕೂಡಿಡುವವನಿಗೆ ಹನ್ನೆರಡು ಸಾವಿರದ ಮಾಲು ವರ್ಷದಲ್ಲಿ ಹದಿನೆಂಟು ಸಾವಿರ ಆದರೆ ಅಸಲಿಗೆ ಅಸಲು, ಲಾಭ ಸೊನ್ನೆ. ಮರುವರ್ಷ ಇಪ್ಪತ್ತೇಳು ಆಗಬೇಕು, ಅದರ ಮುಂದಿನ ವರ್ಷ ನಲವತ್ತು. ಅಂಥ ವರ್ಷ ಒಮ್ಮೆ ಬಂತು, ಒಪ್ಪೋಣ. ಆಗಲಾದರೂ ತೀರಿಸಿದನೇ? ರೇಟು ಇಳಿದಾಗ ಏರಲಿ ಎಂದು ಕಾದವನು, ಏರಿದಾಗ ಇನ್ನೂ ಏರಲಿ ಎಂದು ಕಾದ. ಮಾರಿದ ಮೇಲೆ ಹೊಸ ಕೊಳವೆಬಾವಿ ಕೊರೆಸಿದ, ಆ ತಿಂಗಳೂ ಮಿನಿಮಮ್ಮೇ ಕಟ್ಟಿದ.

ಇದಕ್ಕೆ ಸುಲಭದ ಮದ್ದು ಇಲ್ಲದಿಲ್ಲ. ಬ್ಯಾಂಕಿನಲ್ಲಿ ಒಡವೆ ಇಟ್ಟರೆ ಕಾರ್ಡಿಗಿಂತ ಎಷ್ಟೋ ಕಡಿಮೆ ಬಡ್ಡಿಗೆ ಹಣ ಸಿಗುತ್ತದೆ, ಕಾರ್ಡಿನ ಬಾಕಿ ಒಂದೇ ಏಟಿಗೆ ತೀರುತ್ತದೆ. ಆದರೆ ಒಡವೆ ತೂಗುವ ಕೌಂಟರಿನ ಮುಂದೆ ಊರಿನವರು ಯಾರಾದರೂ ನಿಂತಿರುತ್ತಾರೆ. ಕಾರ್ಡಿನ ಸಾಲ ಹೆಂಡತಿಗೂ ಕಾಣುವುದಿಲ್ಲ. ಮಾನಕ್ಕೆ ತೆರುವ ಬೆಲೆ ಎಂದುಕೊಂಡರೆ ತಿಂಗಳಿಗೆ ಎರಡು ಸಾವಿರ ಅಗ್ಗವೆಂದೇ ಅವನಿಗೆ ತೋರುತ್ತದೆ. ಹಾಗೆಂದು ಗಡುವಿನ ಬೆಲೆ ತಿಳಿಯದವನಲ್ಲ. ಸಹಕಾರ ಸಂಘದ ಶೂನ್ಯ ಬಡ್ಡಿಯ ಬೆಳೆಸಾಲಕ್ಕೆ, 2023ರ ರಾಜ್ಯ ಬಜೆಟ್ಟಿನಲ್ಲಿ ಮಿತಿ ಐದು ಲಕ್ಷಕ್ಕೆ ಏರಿತಲ್ಲ ಅದಕ್ಕೆ, ಅವನು ಒಂದು ದಿನವೂ ತಡಮಾಡುವುದಿಲ್ಲ. ಗಡುವು ತಪ್ಪಿದರೆ ಬಡ್ಡಿ ಬಿದ್ದೀತೆಂದು ನಿದ್ದೆಗೆಟ್ಟು, ಕೈಸಾಲ ಹೊಂದಿಸಿ, ಸಾಲದೆ ಬಂದ ಹತ್ತು ಸಾವಿರವನ್ನು ಎಟಿಎಮ್ಮಿನಲ್ಲಿ ಅದೇ ಕಾರ್ಡು ಉಜ್ಜಿ ತೆಗೆಯುತ್ತಾನೆ. ಕಾರ್ಡಿನಿಂದ ನಗದು ತೆಗೆದರೆ ಆ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ. ಸಂಘದ ವಾರ್ಷಿಕ ಸಭೆಯಲ್ಲಿ ಗಡುವು ತಪ್ಪಿಸದ ಸದಸ್ಯರ ಪಟ್ಟಿ ಓದುವಾಗ ಅವನ ಹೆಸರು ಮೊದಲ ಸಾಲಿನಲ್ಲೇ ಬರುತ್ತದೆ. ಶಾಲು ಹೊದಿಸಿಕೊಂಡು ಬಂದು ಕೂರುತ್ತಾನೆ.