ಬಡ್ತಿ ಪಡೆದ ಮಾಯಾದೇವಿಯವರಿಗೆ ಒಂದು ಬಹಿರಂಗ ಪತ್ರ

ರಾಯಾಪುರ,
ಹುಬ್ಬಳ್ಳಿ–ಧಾರವಾಡ

ಮಾನ್ಯ ಮಾಯಾದೇವಿ ಅಕ್ಕಾರಿಗೆ,

 

ಹೆಣ್ಣು, ಹೊನ್ನು, ಮಣ್ಣು ಎಂಬ ಮೂರು ಶಾಖೆಗಳಲ್ಲಿ ಶತಮಾನಗಟ್ಟಲೆ ದುಡಿದು, ದುಡಿದಷ್ಟೂ ಬೈಸಿಕೊಂಡ ತಮಗೆ ಈಗ ಅಧ್ಯಾತ್ಮ ಇಲಾಖೆಗೆ ಬಡ್ತಿಯ ಮೇಲೆ ವರ್ಗಾವಣೆಯಾಗಿದೆ ಎಂದು ತಿಳಿದು ಸಂತೋಷವಾಯಿತು. ಶಾಲು ಹೊದಿಸಿ, ಹಾರ ಹಾಕಿ ಸನ್ಮಾನ ಮಾಡಬೇಕೆಂದಿದ್ದೆ. ಆ ಇಲಾಖೆಯಲ್ಲಿ ಸನ್ಮಾನಕ್ಕೆ ಕಾದವರ ಸರದಿಯೇ ಮೈಲುದ್ದ ಇದೆ ಎಂದರು. ಅದಕ್ಕೇ ಈ ಪತ್ರ.

ನಮ್ಮೂರನ್ನು ತಾವು ಬಲ್ಲಿರಿ. ಅತ್ತ ಹುಬ್ಬಳ್ಳಿ, ಇತ್ತ ಧಾರವಾಡ, ನಡುವೆ ನಾವು. ಹುಬ್ಬಳ್ಳಿಗೆ ವ್ಯಾಪಾರ, ಧಾರವಾಡಕ್ಕೆ ವಿದ್ಯೆ ಎಂದು ಯಾರೋ ಹಂಚಿಬಿಟ್ಟಿದ್ದಾರೆ. 1962ರಲ್ಲಿ ಎರಡನ್ನೂ ಒಂದೇ ಮಹಾನಗರಪಾಲಿಕೆಗೆ ಕಟ್ಟಿಹಾಕಿದರೂ ಆ ಹಂಚಿಕೆ ಅಳಿಯಲಿಲ್ಲ. ಇಷ್ಟಾಗಿ ಸಿದ್ಧಾರೂಢರ ಮಠ ಇರುವುದು ವ್ಯಾಪಾರದ ಹುಬ್ಬಳ್ಳಿಯಲ್ಲಿ. ವಿದ್ಯೆಯ ಧಾರವಾಡದವರ ವೈರಾಗ್ಯ ಗಟ್ಟಿಯಾಗಿ ನಿಲ್ಲುವುದು ಲೈನ್ ಬಜಾರಿನ ಪೇಢೆ ಅಂಗಡಿ ಬರುವ ತನಕ. ನಮ್ಮ ರಾಯಾಪುರದಲ್ಲಿ ಇಸ್ಕಾನ್ ಗುಡಿಗೆ ಹೋಗುವವರೂ ಸೈಟು ನೋಡಲು ಹೊರಟವರೂ ಒಂದೇ ಚಿಗರಿ ಬಸ್ಸಿನಿಂದ ಇಳಿಯುತ್ತಾರೆ. ಎಷ್ಟೋ ಸಲ ಆ ಇಬ್ಬರೂ ಒಬ್ಬರೇ ಆಗಿರುತ್ತಾರೆ.

ಬಡ್ತಿಗೆ ಮುನ್ನ ತಮ್ಮ ಹಳೆಯ ಕಡತ ತೆಗೆದು ನೋಡಿದೆ. ಅನ್ಯಾಯವಾಗಿದೆ, ಅಕ್ಕಾರ. 15ನೆಯ ಶತಮಾನದ ಚಾಮರಸ ‘ಪ್ರಭುಲಿಂಗಲೀಲೆ’ಯಲ್ಲಿ ತಮ್ಮನ್ನು ಬನವಾಸಿಯ ಮಮಕಾರ ರಾಜನ ಮಗಳಾಗಿ ಹುಟ್ಟಿಸಿದ. ಪಾರ್ವತಿ ಶಿವನೊಡನೆ ಪಂಥ ಕಟ್ಟಿ ಕಳಿಸಿದ ತಾಮಸ ಕಳೆ ತಾವು. ಅಲ್ಲಮ ಮದ್ದಳೆ ಬಾರಿಸಿದ, ತಾವು ಕುಣಿದಿರಿ, ಮನಸೋತಿರಿ. ಅವನು ಮಾತ್ರ ಕೈಗೆ ಸಿಗಲೇ ಇಲ್ಲ. ಸೋತ ಅಪಕೀರ್ತಿ ತಮಗೆ, ಗೆದ್ದ ಕೀರ್ತಿ ಅವನಿಗೆ.

ಆದರೆ ಚಾಮರಸನಿಗಿಂತ ಸುಮಾರು ಇನ್ನೂರು ವರ್ಷ ಹಿಂದೆ ಹಂಪೆಯ ಹರಿಹರ ಬರೆದ ರಗಳೆಯಲ್ಲಿ ಕಥೆ ಬೇರೆಯೇ ಇದೆ. ಅಲ್ಲಿ ತಮ್ಮ ಜಾಗದಲ್ಲಿ ಕಮಲತೆ ಎಂಬ ಹೆಣ್ಣುಮಗಳು. ಅಲ್ಲಮ ಅವಳನ್ನು ಪ್ರೀತಿಸಿದ, ಕೂಡಿ ಬಾಳಿದ. ಜ್ವರ ಬಂದು ಅವಳು ತೀರಿಕೊಂಡಳು. ಅಲ್ಲಮ ಹುಚ್ಚನಂತೆ ಅಲೆದು, ಒಂದು ತೋಪಿನಲ್ಲಿ ಕೂತು, ದುಃಖದಲ್ಲಿ ಏನೂ ತೋಚದೆ ಕಾಲ್ಬೆರಳಿನಿಂದ ನೆಲ ಕೆದಕುತ್ತಿದ್ದಾಗ ಮಣ್ಣಿನಲ್ಲಿ ಚಿನ್ನದ ಕಳಸದ ತುದಿ ಕಂಡಿತು. ಅಗೆಸಿದರೆ ಹೂತುಹೋದ ಗುಡಿ. ಒಳಗೆ ಲಿಂಗ ಹಿಡಿದು ಕೂತ ಅನಿಮಿಷಯ್ಯ. ಕಮಲತೆ ಇಲ್ಲದಿದ್ದರೆ ಆ ದುಃಖ ಇಲ್ಲ, ದುಃಖ ಇಲ್ಲದಿದ್ದರೆ ನೆಲ ಕೆದಕುವವರಿಲ್ಲ, ಕೆದಕದಿದ್ದರೆ ಗುಡಿ ಮಣ್ಣಲ್ಲೇ. ಹರಿಹರನ ಸಾಕ್ಷ್ಯವನ್ನು ಬದಿಗಿಟ್ಟು ಚಾಮರಸನ ದೋಷಾರೋಪ ಪಟ್ಟಿಯನ್ನೇ ಪುರಾಣ ಹೇಳಿಸಿ ಕೇಳಿದವರು ನಾವು. ಮೂಡುಬಿದಿರೆಯ ರತ್ನಾಕರವರ್ಣಿಯಂತೂ 96 ಸಾವಿರ ರಾಣಿಯರ ಗಂಡನಾದ ಭರತ ಚಕ್ರವರ್ತಿಯನ್ನೇ ಯೋಗಿ ಎಂದು ಹಾಡಿದ. ಸಂಸಾರಸ್ಥರು ಅದನ್ನು ಓದಿ ನೆಮ್ಮದಿಪಟ್ಟರೇ ಹೊರತು ತಮ್ಮನ್ನು ಬೈಯುವುದನ್ನು ಬಿಡಲಿಲ್ಲ.

ಈಗ ಹೊಸ ಹುದ್ದೆಯ ವಿಷಯ. ಅಲ್ಲಿ ತಮ್ಮನ್ನು ಬೈಯುವವರೇ ಇಲ್ಲ, ಏಕೆಂದರೆ ಗುರುತು ಹಿಡಿಯುವವರಿಲ್ಲ. ದೇವರಿಗೆ ಕೊಟ್ಟ ಟ್ಯೂಬ್‌ಲೈಟಿನ ಮೇಲೆ, ಬೆಳಕೇ ಹೊರಬರದಷ್ಟು ದಪ್ಪಗೆ, ಕೊಟ್ಟವರ ಹೆಸರು ಬರೆದಿರುತ್ತದೆ. ಅದು ಆಸೆಯಲ್ಲ, ಭಕ್ತಿ. ದುಡ್ಡು ಕೊಟ್ಟು ವಿಶೇಷ ದರ್ಶನದ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವುದು ಅವಸರವಲ್ಲ, ಆರ್ತತೆ. ಮೌನ ಶಿಬಿರ ಮುಗಿಸಿ ಬಂದವರು ತಮ್ಮ ಮೌನದ ಬಗ್ಗೆ ಎರಡು ತಾಸು ಮಾತಾಡುತ್ತಾರೆ. ಧ್ಯಾನಕ್ಕೂ ಆ್ಯಪ್ ಇದೆ. ನೂರು ದಿನ ಬಿಡದೆ ನಿಶ್ಚಲವಾಗಿ ಕೂತವರು ನೂರೊಂದನೆಯ ದಿನ ತಪ್ಪೀತೆಂದು ಚಡಪಡಿಸುತ್ತಾರೆ. ಗಝಾಲಿ ಎಂಬ ಪಾರಸಿ ಜ್ಞಾನಿ ಹಿಂದೆಯೇ ತೋರಿಕೆಯ ಭಕ್ತಿಯ ರೋಗಲಕ್ಷಣಗಳನ್ನು ಸಾಲಾಗಿ ಬರೆದಿಟ್ಟಿದ್ದ. ರೋಗಿಗಳು ಅದನ್ನು ಪಕ್ಕದ ಮನೆಯವರ ವರದಿ ಎಂದು ಓದಿಕೊಂಡರು.

ಧಾರವಾಡದಲ್ಲಿ ಅಚ್ಚಾದ ಎರಡು ಪುಸ್ತಕಗಳು ಮಾತ್ರ ತಮ್ಮ ಬೆನ್ನು ಬಿದ್ದವು. ಎರಡೂ ಮನೋಹರ ಗ್ರಂಥಮಾಲೆಯವು. 1961ರ ‘ಯಯಾತಿ’ಯಲ್ಲಿ ಮುಪ್ಪು ಒಲ್ಲದ ರಾಜನ ಆಸೆ ಎಲ್ಲರಿಗೂ ಕಾಣುತ್ತದೆ. ಅಪ್ಪನ ಮುಪ್ಪನ್ನು ತಾನು ಹೊರುತ್ತೇನೆಂದು ಮುಂದೆ ಬರುವ ಮಗ ಪುರುವಿನ ತ್ಯಾಗದಲ್ಲೂ ಒಂದು ಆಸೆ ಅಡಗಿದೆ ಎಂದು ಕಾರ್ನಾಡರು ತೋರಿಸಿದರು. ಆ ಮಹಾತ್ಯಾಗದ ಬೆಲೆ ತೆತ್ತವಳು ಚಿತ್ರಲೇಖೆ, ಪುರುವಿನ ಹೆಂಡತಿ. ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. 1965ರ ‘ಸಂಸ್ಕಾರ’ದಲ್ಲಿ ಅನಂತಮೂರ್ತಿಯವರ ಪ್ರಾಣೇಶಾಚಾರ್ಯರು ರೋಗಿಷ್ಠ ಭಾಗೀರಥಿಯನ್ನು ಕಟ್ಟಿಕೊಂಡು, ಅವಳ ಸೇವೆಯನ್ನೇ ತಮ್ಮ ತಪಸ್ಸಾಗಿ ಮಾಡಿಕೊಂಡರು. ಅವರ ಮೋಕ್ಷದ ಲೆಕ್ಕದಲ್ಲಿ ಆ ಹೆಂಗಸಿನ ಕಾಯಿಲೆ ಜಮೆಯ ಬದಿಯಲ್ಲಿತ್ತು.

ತಮ್ಮನ್ನು ಹೊಸ ಇಲಾಖೆಯಲ್ಲೂ ಕೈಹಿಡಿದು ನಿಲ್ಲಿಸಿದ ಅಧಿಕಾರಿ ನನಗೆ ಗೊತ್ತಿರುವಂತೆ ಒಬ್ಬರೇ: ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಆ ಅಕ್ಕಿಯಲ್ಲೇ ದಾಸೋಹ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ತನಗೆಂದು ತಂದದ್ದಲ್ಲ, ಜಂಗಮರಿಗೆ ಬಡಿಸಲು. ಲೋಕ ಮೆಚ್ಚಬೇಕಾದ ಕಾರಣ. ಲಕ್ಕಮ್ಮ ಮೆಚ್ಚಲಿಲ್ಲ. ದಿನದ ಅಳತೆಗಿಂತ ಮಿಕ್ಕಿದ್ದನ್ನು ತಿರುಗಿ ಅಲ್ಲೇ ಸುರಿದು ಬಾ ಎಂದು ಅಟ್ಟಿದಳು. ಪುಣ್ಯದ ಹೆಸರಿನಲ್ಲಿ ಬಂದರೂ ಆಸೆ ಆಸೆಯೇ ಎಂದು ಅವಳಿಗೆ ತಿಳಿಯಲು ಪ್ರವಚನ ಬೇಕಾಗಲಿಲ್ಲ, ಮೊರ ಸಾಕಾಯಿತು.

ಅಕ್ಕಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ರಾಯಾಪುರದಲ್ಲಿ ಇಸ್ಕಾನ್ ಗುಡಿಯವರ ಅಕ್ಷಯ ಪಾತ್ರದ ಅಡುಗೆಮನೆಯಿದೆ. ಹಬೆಯ ಕಡಾಯಿಗಳಲ್ಲಿ ಅನ್ನ, ಸಾರು ಬೆಂದು, ಲಕ್ಷದ ಲೆಕ್ಕದಲ್ಲಿ ಶಾಲಾಮಕ್ಕಳಿಗೆ ಹೋಗುತ್ತದೆ. ಹಸಿವು ಎಂಬ ಅಪ್ಪಟ ಲೌಕಿಕಕ್ಕೆ ಗುಡಿಯವರು ಇಷ್ಟು ಮಾಡುವುದು ಸಣ್ಣ ಮಾತಲ್ಲ, ಅದಕ್ಕೆ ಕೈಮುಗಿಯುತ್ತೇನೆ. ಆದರೆ ಆ ಸಾರಿನಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲ. ಅವು ಸಾತ್ವಿಕವಲ್ಲ. 2018–19ರಲ್ಲಿ ಇದರ ಮೇಲೆ ರಾಜ್ಯದಲ್ಲಿ ದೊಡ್ಡ ವಾದವೇ ನಡೆಯಿತು. ಪೋಷಕಾಂಶದ ಲೆಕ್ಕ ಸರಿಯಿದೆ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳಿತು. ಇರಲಿ, ಒಪ್ಪೋಣ. ಬಳ್ಳೊಳ್ಳಿ ಖಾರದ ನಾಡಿನ ಕೂಸು ಮಧ್ಯಾಹ್ನ ಒಂದು ಗಂಟೆಗೆ ಯಾವ ಸಂನ್ಯಾಸ ಸ್ವೀಕರಿಸಿತ್ತು ಎಂಬುದಷ್ಟೇ ನನ್ನ ಪ್ರಶ್ನೆ.

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಕಡೆಯ ಏಳು ಜಿಲ್ಲೆಗಳಲ್ಲಿ ಸರ್ಕಾರ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಎದ್ದು ನಿಂತರು. ಆಗ ಗಂಗಾವತಿಯ ಒಬ್ಬ ಶಾಲಾ ಬಾಲಕಿ, ಬೇಡವೆಂದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಸವಾಲು ಹಾಕಿದ್ದನ್ನು ನಾಡೆಲ್ಲ ನೋಡಿತು. ಇಂದ್ರಿಯ ಗೆಲ್ಲಲು ಹೊರಟ ದೊಡ್ಡವರು, ಒಂದು ಕೂಸಿನ ನಾಲಗೆಯಿಂದ ಗೆಲುವು ಆರಂಭಿಸಿದ್ದರು. ಅಲ್ಲಿ ತಮ್ಮ ಬಡ್ತಿಗೆ ಪೂರ್ಣ ಕಾರಣ ಕಂಡಿತು, ಅಕ್ಕಾರ.

ಆದ್ದರಿಂದ ಒಂದು ಅರ್ಜಿ. ಸಾಧ್ಯವಾದರೆ ಹಳೆಯ ಶಾಖೆಗಳಿಗೇ ತಿರುಗಿ ಬನ್ನಿ. ಅಲ್ಲಿ ತಾವು ಮಾಡುವ ಹಾನಿ ನಮಗೆ ಕಾಣುತ್ತಿತ್ತು. ಸಾಲ ಮಾಡಿ ಸೈಟು ತೊಗೊಂಡವನಿಗೆ ತಿಂಗಳು ತಿಂಗಳು ಕಂತು ಬರುತ್ತದೆ. ಯಾವ ಗುರುವಿಗಿಂತಲೂ ಚೆನ್ನಾಗಿ ಅದು ಅವನನ್ನು ಎಚ್ಚರಿಸುತ್ತದೆ. ತ್ಯಾಗದ ಆಸೆಗೆ ಆ ಅನುಕೂಲ ಇಲ್ಲ. ಅದರ ಕಂತು ತುಂಬುವವರು ಚಿತ್ರಲೇಖೆ, ಭಾಗೀರಥಿ, ಸರ್ಕಾರಿ ಶಾಲೆಯ ಪಂಕ್ತಿಯಲ್ಲಿ ಕೂತ ಕೂಸು.

ತಿರುಗಿ ಬರಲು ಮನಸ್ಸಿಲ್ಲದಿದ್ದರೆ, ಹೊಸ ಇಲಾಖೆಯಲ್ಲಿ ಒಂದೇ ಒಂದು ನಿಯಮ ಜಾರಿ ಮಾಡಿಸಿ: ಬಿಡತಕ್ಕದ್ದನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ತಟ್ಟೆಯಿಂದಲೇ ಬಿಡತಕ್ಕದ್ದು. ತಪಾಸಣೆಗೆ ಲಕ್ಕಮ್ಮನವರನ್ನು ಹಾಕಿಸಿ. ಅವರ ಮುಂದೆ ಎಷ್ಟು ಮಂದಿ ವಿರಕ್ತರು ಮೊರ ಹಿಡಿದು ತಿರುಗಿ ಹೋಗಬೇಕಾಗುತ್ತದೋ, ಅಷ್ಟೇ ತಮ್ಮ ಹೊಸ ಇಲಾಖೆಯ ನಿಜವಾದ ಸಿಬ್ಬಂದಿ.

ಇಂತಿ ತಮ್ಮ ವಿಧೇಯ,
ರಾಯಾಪುರದ ಒಬ್ಬ ಲೌಕಿಕ